ಮಳೆ ಶುರುವಾದರೆ ಕುದುರೆಗೆ ತುರಿಕೆ: ಕರಾವಳಿಯಲ್ಲಿ ಸಾಕಿದವರು ಏನು ಮಾಡಿದ್ದೀರಿ?

ಕಾರವಾರದಿಂದ ಕೇಳಿದ್ದು:

ಕಾಳಿ ನದಿ ಸಮುದ್ರ ಸೇರುವ ಕಡೆ ನಮ್ಮ ಮನೆ. ಒಂದು ಹೆಣ್ಣು ಕುದುರೆ ಇದೆ, ರಜೆಯಲ್ಲಿ ಬೀಚಿನಲ್ಲಿ ಮಕ್ಕಳನ್ನು ಕೂರಿಸುತ್ತೇವೆ. ಹೋದ ಮಳೆಗಾಲದಲ್ಲಿ ಜೂಲು, ಬಾಲದ ಬುಡ ಎಲ್ಲ ಕಂಬಕ್ಕೆ ಉಜ್ಜಿ ಉಜ್ಜಿ ಕೂದಲೇ ಹೋಯಿತು. ಹೊಟ್ಟೆಯ ಅಡಿಯಲ್ಲೂ ಹಕ್ಕಳೆ. ಇಂಜೆಕ್ಷನ್ ಕೊಡಿಸಿದರೆ ಸ್ವಲ್ಪ ದಿನ ಆರಾಮ, ಆಮೇಲೆ ಮತ್ತೆ ಅದೇ. ಬೇಸಿಗೆಯಲ್ಲಿ ತಾನಾಗಿ ಕಡಿಮೆಯಾಗಿತ್ತು. ಈಗ ಮೊದಲ ಮಳೆ ಬೀಳುತ್ತಿದ್ದ ಹಾಗೆ ಪುನಃ ಶುರು. ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಮಟಾ ಕಡೆಯಿಂದ:

ಜೂಲು, ಬಾಲದ ಬುಡ, ಹೊಟ್ಟೆಯ ನಡುಗೆರೆ, ಅದೂ ಮಳೆ ಹಿಡಿದ ಕೂಡಲೇ ಅಂದರೆ ಇದು ಬಹುಮಟ್ಟಿಗೆ ನುಸಿ ಕಡಿತದ ಅಲರ್ಜಿ. ಸ್ವೀಟ್ ಇಚ್ ಅನ್ನುತ್ತಾರೆ. ಕಡಿಯುವುದು ಸೊಳ್ಳೆಯಲ್ಲ, ಕ್ಯುಲಿಕಾಯ್ಡಿಸ್ ಎಂಬ ಜಾತಿಯ ನುಸಿ. 1ರಿಂದ 3 ಮಿಲಿಮೀಟರ್ ಅಷ್ಟೇ ಇರುತ್ತದೆ, ಹುಡುಕಿದರೂ ಕಣ್ಣಿಗೆ ಬೀಳುವುದು ಕಷ್ಟ. ಅದರ ಜೊಲ್ಲು ಕೆಲವು ಕುದುರೆಗಳಿಗೆ ಆಗಿಬರುವುದಿಲ್ಲ. ಪಕ್ಕದಲ್ಲೇ ಕಟ್ಟಿದ ಇನ್ನೊಂದಕ್ಕೆ ಏನೂ ಆಗದೇ ಇರಬಹುದು. ಅಂಟುವ ರೋಗವಲ್ಲ. ಆದರೆ ಒಮ್ಮೆ ಬಂದರೆ ಸಾಮಾನ್ಯವಾಗಿ ವರ್ಷವೂ ಬರುತ್ತದೆ. ಅದಕ್ಕೇ ನಾನು ಹೇಳುವುದು, ಔಷಧಿಗಿಂತ ಮೊದಲು ನುಸಿ ಮೈಮೇಲೆ ಕೂರದ ಹಾಗೆ ಮಾಡಿ. ನಮ್ಮ ಕುದುರೆಗೆ ಫರಕು ಕಂಡಿದ್ದು ಅದರಿಂದಲೇ.

ನಮ್ಮ ಲಾಯ ಮೊದಲು ಗಜನಿ ಗದ್ದೆಯ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ಗದ್ದೆಯ, ಅಂಚಿನಲ್ಲಿತ್ತು. ಈ ನುಸಿ ಹುಟ್ಟುವುದೇ ಒದ್ದೆ ಕೆಸರಿನಲ್ಲಿ, ಕೊಳೆತ ಸೊಪ್ಪಿನಲ್ಲಿ, ಲದ್ದಿ ಬೆರೆತ ರಾಡಿಯಲ್ಲಿ. ಅಘನಾಶಿನಿ ಹೊಳೆಯ ಗಜನಿಯಲ್ಲಿ ಅದಕ್ಕೇನೂ ಬರ ಇಲ್ಲ. ನೀವೂ ಒಂದು ಸಂಜೆ ಕುದುರೆಯ ಹತ್ತಿರವೇ ನಿಂತು ನೋಡಿ. ಮಧ್ಯಾಹ್ನ ಕಡಲ ಗಾಳಿ ಬೀಸುವಾಗ ಅದು ಸುಮ್ನೆ ಹುಲ್ಲು ತಿನ್ನುತ್ತಿರುತ್ತದೆ. ಹೊತ್ತು ಮುಳುಗುವಾಗ ಗಾಳಿ ಬಿದ್ದು ತೆಂಗಿನ ಗರಿಯೂ ಅಲುಗುವುದಿಲ್ಲ ಅಲ್ವಾ, ಆಗ ಶುರುವಾಗುತ್ತದೆ. ಕಾಲು ಕುಟ್ಟುತ್ತದೆ, ಬಾಲ ಬಡಿಯುತ್ತದೆ, ಹಿಂದೆ ಹಿಂದೆ ಸರಿದು ಕಂಬಕ್ಕೆ ಬಾಲದ ಬುಡ ಒತ್ತಿ ಅತ್ತಿತ್ತ ತಿಕ್ಕುತ್ತದೆ. ಆ ಹೊತ್ತಿಗೆ ಜೂಲಿನ ಬುಡ ಕೆರೆದುಕೊಟ್ಟರೆ ಕತ್ತು ಚಾಚಿ ಮೇಲಿನ ತುಟಿ ಉದ್ದ ಮಾಡಿ ಅದುರಿಸುತ್ತದೆ. ನೋಡಿದರೆ ಸಂಕಟವಾಗುತ್ತದೆ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತೂ ಹೀಗೆಯೇ.

ಈ ನುಸಿಗೆ ಗಾಳಿಯ ಎದುರು ಹಾರುವ ಶಕ್ತಿ ಇಲ್ಲ. ಹಾಗಾಗಿ ಲಾಯವನ್ನು ಗದ್ದೆಯ ಅಂಚಿನಿಂದ ಎತ್ತಿ, ಗಾಳಿ ಆಡುವ ದಿಬ್ಬದ ಮೇಲೆ ಕಟ್ಟಿದೆವು. ಗೋಡೆಗೆ ಒಂದು ದೊಡ್ಡ ಫ್ಯಾನ್ ಹಾಕಿದೆವು. ವೈರು ಕುದುರೆಯ ಬಾಯಿಗೆ ಸಿಗದಂತೆ ಪೈಪಿನೊಳಗೆ ಎಳೆಸಿ, ಅದರಲ್ಲಿ ರಾಜಿ ಬೇಡ. ಸಂಜೆ ಗಾಳಿ ಬೀಳುವ ಮೊದಲೇ ಕುದುರೆಯನ್ನು ಒಳಗೆ ತಂದು ಫ್ಯಾನ್ ಹಾಕುತ್ತೇವೆ, ಬೆಳಿಗ್ಗೆ ಬಿಸಿಲು ಬಂದ ಮೇಲೆಯೇ ಹೊರಗೆ. ಕಿಟಕಿಗೆ ಮಾಮೂಲಿ ಸೊಳ್ಳೆ ಪರದೆ ಕಟ್ಟಿದರೆ ಸಾಲದು, ಅದರ ಕಣ್ಣಿನಲ್ಲಿ ನುಸಿ ಸಲೀಸಾಗಿ ನುಗ್ಗುತ್ತದೆ. ಇನ್ನೂ ಸಣ್ಣ ಕಣ್ಣಿನ ಬಟ್ಟೆ ಬೇಕು. ಅದೇ ಬಟ್ಟೆಯಲ್ಲಿ ಕತ್ತು, ಹೊಟ್ಟೆ ಮುಚ್ಚುವ ಹೊದಿಕೆ ಟೈಲರ್ ಹತ್ತಿರ ಹೊಲಿಸಬಹುದು. ನಮ್ಮ ಸೆಕೆಗೆ ದಪ್ಪ ಹೊದಿಕೆ ಹಾಕಿದರೆ ಬೆವರಿಗೇ ಬೇರೆ ತುರಿಕೆ ಹುಟ್ಟುತ್ತದೆ. ಲದ್ದಿ ದಿನಾ ತೆಗೆದು ದೂರ ಹಾಕಿ, ನೀರು ಕುಡಿಸುವ ಜಾಗದಲ್ಲಿ ರಾಡಿ ಆಗದಂತೆ ಜಲ್ಲಿ ಹಾಕಿಸಿ.

ಇದನ್ನೆಲ್ಲ ಮಳೆ ಬರುವುದಕ್ಕಿಂತ ಮೊದಲೇ, ಮೇ ತಿಂಗಳಲ್ಲೇ ಶುರು ಮಾಡಬೇಕು. ತುರಿಕೆ ಕೆರಳಿದ ಮೇಲೆ ಇಳಿಸುವುದು ಬಹಳ ಕಷ್ಟ.

ಮೈಗೆ ಹೊಡೆಯಲು ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ, ಕುದುರೆಗೆಂದೇ ಮಾಡಿದ ಸ್ಪ್ರೇ ಬರುತ್ತದೆ, ವೈದ್ಯರನ್ನು ಕೇಳಿ ತನ್ನಿ. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು, ಅದಕ್ಕೆ ವಿಷ. ಮೀನಿಗೂ ವಿಷ, ಹಾಗಾಗಿ ಸ್ಪ್ರೇ ಮಾಡಿದ ಕುದುರೆಯನ್ನು ಕಾಳಿ ಹೊಳೆಗೆ ಇಳಿಸಬೇಡಿ. ನಾವು ಜೂಲಿನ ಬುಡಕ್ಕೆ ತೆಂಗಿನೆಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಹಚ್ಚುತ್ತೇವೆ. ಮೊದಲು ಒಂದು ಚಿಕ್ಕ ಜಾಗಕ್ಕೆ ಹಚ್ಚಿ, ಮಾರನೇ ದಿನ ನೋಡಿ ಮುಂದುವರಿಯಿರಿ.

ಶಿರಸಿಯಿಂದ:

ಮೇಲಿನವರು ಹೇಳಿದ್ದು ಸರಿ. ನಾನು ಒಂದೇ ಒಂದು ಎಚ್ಚರಿಕೆ ಹೇಳುತ್ತೇನೆ, ದಯವಿಟ್ಟು ಓದಿ. ನಮ್ಮ ಕಡೆ ಪ್ರತಿ ಕೊಟ್ಟಿಗೆಯಲ್ಲೂ ದನದ ಉಣುಗಿಗೆ ಹೊಡೆಯುವ ಔಷಧಿ ಬಾಟಲಿ ಇರುತ್ತದೆ. ಕುದುರೆ ತುರಿಸಿಕೊಳ್ಳುವುದು ನೋಡಿ ಯಾರಾದರೂ ಅದನ್ನೇ ಹೊಡೆಯಿರಿ ಅಂದೇ ಅನ್ನುತ್ತಾರೆ. ಬಾಟಲಿಯ ಮೇಲೆ ಅಮಿಟ್ರಾಜ್ ಅಂತ ಇದ್ದರೆ ಕುದುರೆಗೆ ಮುಟ್ಟಿಸಲೇಬೇಡಿ. ಕರುಳಿನ ಚಲನೆ ನಿಂತು ಹೊಟ್ಟೆ ಕಟ್ಟುತ್ತದೆ, ಜೀವಕ್ಕೇ ಅಪಾಯ. ದನಕ್ಕೆ ಆಗುವುದು ಕುದುರೆಗೆ ಆಗುತ್ತದೆ ಅನ್ನುವ ಲೆಕ್ಕವೇ ತಪ್ಪು. ಮೊನೆನ್ಸಿನ್ ಎಂಬ ಔಷಧಿ ಸೇರಿಸಿದ ದನದ ಹಿಂಡಿಯೂ ಕುದುರೆಗೆ ಪ್ರಾಣಕ್ಕೆ ಎರವು.

ಸುಟ್ಟ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಸವರುವುದೂ ಬೇಡ. ಚರ್ಮ ಸುಟ್ಟು ಇನ್ನೊಂದು ಗಾಯವಾಗುತ್ತದೆ ಅಷ್ಟೇ. ಕೊಟ್ಟಿಗೆಗೆ ಹಾಕುವ ಹಾಗೆ ಲಕ್ಕಿ ಸೊಪ್ಪಿನ ಹೊಗೆಯನ್ನು ಮುಚ್ಚಿದ ಲಾಯದಲ್ಲಿ ಹಾಕಬೇಡಿ, ಕುದುರೆಯ ಶ್ವಾಸಕೋಶ ಬಹಳ ಸೂಕ್ಷ್ಮ.

ಮುರ್ಡೇಶ್ವರ ಕಡೆಯಿಂದ, ಬೀಚಿನಲ್ಲೇ ಕುದುರೆ ಓಡಿಸುವವ:

ಅಣ್ಣ, ಉಪ್ಪುನೀರನ್ನು ಮೈಮೇಲೆ ಒಣಗಲು ಬಿಡಬೇಡಿ. ಕೆಲಸ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ಜೀನಿನ ಅಡಿಯ ಬಟ್ಟೆಯನ್ನೂ ತೊಳೆಯಿರಿ. ಆದರೆ ಜೋರು ಮಳೆಯ ದಿನಗಳಲ್ಲಿ ಸುಮ್ಮನೆ ದಿನಾ ಸ್ನಾನ ಮಾಡಿಸಬೇಡಿ. ಚರ್ಮ ಒದ್ದೆಯಾಗಿಯೇ ಇದ್ದರೆ ಬೆನ್ನಿನ ಮೇಲೆ ಹಕ್ಕಳೆ ಏಳುತ್ತದೆ. ಎಳೆದರೆ ಕೂದಲಿನ ಕುಚ್ಚು ಸಮೇತ ಕಿತ್ತು ಬರುತ್ತದೆ, ಕೆಳಗೆ ಹಸಿ ಚರ್ಮ. ಅದು ನುಸಿಯಲ್ಲ, ಮಳೆಯಲ್ಲಿ ನೆನೆದು ಬರುವ ಬ್ಯಾಕ್ಟೀರಿಯಾ ಕಾಟ, ತುರಿಕೆಗಿಂತ ನೋವು ಜಾಸ್ತಿ. ಮೈ ಒಣಗಿಸಿಡುವುದೇ ಅದಕ್ಕೆ ಮುಖ್ಯ ಮದ್ದು.

ಅಂಕೋಲಾದಿಂದ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತ:

ನಿಮಗೆ ಕೊಡಿಸಿದ ಇಂಜೆಕ್ಷನ್ ಬಹುಶಃ ಸ್ಟೀರಾಯ್ಡ್ ಇರಬೇಕು. ತೀರಾ ತಡೆಯದಿದ್ದಾಗ ವೈದ್ಯರು ಕೊಡುತ್ತಾರೆ, ತಪ್ಪಲ್ಲ. ಆದರೆ ಪದೇ ಪದೇ ಕೊಡಿಸಿದರೆ ಗೊರಸಿನೊಳಗೆ ಊತ ಬಂದು ಕುದುರೆ ಕುಂಟುವ ಅಪಾಯವಿದೆ. ತುರಿಸಿಕೊಂಡ ತಕ್ಷಣ ಇಂಜೆಕ್ಷನ್ ಕೇಳಬೇಡಿ.

ಬೇರೆ ಕಾರಣಗಳನ್ನೂ ಒಮ್ಮೆ ನೋಡಿಸಿ. ಬಾಲ ಮಾತ್ರ ಉಜ್ಜುವುದಾದರೆ ಪಿನ್‌ವರ್ಮ್ ಎಂಬ ಹುಳು ಇರಬಹುದು. ಗುದದ ಸುತ್ತ ಹಳದಿ ಬೂದು ಬಣ್ಣದ ಅಂಟು ಕಾಣುತ್ತದೆ, ಪಾರದರ್ಶಕ ಟೇಪ್ ಒತ್ತಿ ತೆಗೆದುಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಸಿಗುತ್ತದೆ. ಹೊಟ್ಟೆಯ ಅಡಿಯ ತುರಿಕೆಗೆ ಓಂಕೋಸರ್ಕಾ ಎಂಬ ಹುಳುವಿನ ಮರಿಗಳೂ ಕಾರಣವಾಗಬಹುದು, ಅದನ್ನು ಹರಡುವುದೂ ಇದೇ ನುಸಿ. ಅದಕ್ಕೆ ಐವರ್ಮೆಕ್ಟಿನ್ ಕೊಡುತ್ತಾರೆ. ಕುದುರೆಯ ಬಾಯಿಗೆ ಹಾಕುವ ಪೇಸ್ಟ್ ಬೇರೆಯೇ ಬರುತ್ತದೆ, ತೂಕ ನೋಡಿ ವೈದ್ಯರೇ ಹೇಳಲಿ. ಕೊಟ್ಟ ಮೇಲೆ ಕೆಲವು ದಿನ ತುರಿಕೆ ಜಾಸ್ತಿಯಾದರೆ ಗಾಬರಿ ಬೇಡ, ಮರಿಗಳು ಸಾಯುವಾಗ ಹಾಗಾಗುತ್ತದೆ. ಕಾಲಿನ ಕೆಳಭಾಗ ಕಚ್ಚಿಕೊಳ್ಳುತ್ತಿದ್ದರೆ ಕಜ್ಜಿ ಹುಳ ಇರಬಹುದು. ಅದಕ್ಕೆ ಚರ್ಮ ಕೆರೆದು ಪರೀಕ್ಷೆ ಮಾಡಬೇಕು. ಇಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ವೈದ್ಯರು ಮನೆಗೇ ಬರಬೇಕೆಂದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಕಾಲಿನ ಉದ್ದಕ್ಕೂ ಸಾಲಾಗಿ ಗಂಟು ಎದ್ದು, ಒಡೆದು, ಅಂಟುಅಂಟಾದ ಕೀವು ಸೋರಿದರೆ, ಜೊತೆಗೆ ಮೂಗಿನಿಂದಲೂ ಸೋರುತ್ತಿದ್ದರೆ ಅದು ಗ್ಲಾಂಡರ್ಸ್ ಎಂಬ ಅಂಟುರೋಗ ಇರಬಹುದು. ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಕುದುರೆಯನ್ನು ಬೀಚಿಗೆ ಒಯ್ಯಬೇಡಿ, ಅವತ್ತೇ ಸರಕಾರಿ ಪಶುವೈದ್ಯರಿಗೆ ತಿಳಿಸಿ. ನೀವು ಬರೆದಿದ್ದರಲ್ಲಿ ಅಂಥ ಲಕ್ಷಣ ಒಂದೂ ಇಲ್ಲ. ಈಗ ಫ್ಯಾನಿನ ವ್ಯವಸ್ಥೆ ಮಾಡಿ, ಹೊಟ್ಟೆಯ ಹಕ್ಕಳೆಯನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಇರುವ ಶಾಂಪೂವಿನಲ್ಲಿ ತೊಳೆದು, ನೊರೆ 10 ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ ಒಣಗಿಸಿ.