ಪ್ರಶ್ನೋತ್ತರ: ಸಿಸ್ಟಮ್ ಅಡ್ಮಿನ್ ಆಗಾಕ ರೆಡ್ ಹ್ಯಾಟ್ ಮಾಡ್ಲೋ, ಎಲ್‌ಪಿಐ ಮಾಡ್ಲೋ?

ಪ್ರಶ್ನೆ (ಬಿಸಿಎ ಕೊನೇ ವರ್ಷ, ಹಾವೇರಿ):
ನಮಸ್ಕಾರ್ರಿ ಸರ್. ನಂಗ ಕೋಡಿಂಗ್ ಅಷ್ಟು ಹತ್ತಂಗಿಲ್ಲ, ಆದ್ರ ಲಿನಕ್ಸ್ ಅಂದ್ರ ಭಾಳ ಹುಚ್ಚು, ಮನ್ಯಾಗ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕ್ಕೊಂಡೀನಿ. ಕ್ಲಾಸ್ ನಡಸೋರು ಒಬ್ರು ರೆಡ್ ಹ್ಯಾಟ್ (ಲಿನಕ್ಸ್ ಮಾರೋ ಕಂಪನಿ) ಸರ್ಟಿಫಿಕೇಟ್ ಮಾಡು ಅದಕ್ಕ ಕೆಲ್ಸ ಅಂತಾರ, ನಮ್ಮ ಸೀನಿಯರ್ ಎಲ್‌ಪಿಐ (ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್) ಅವರದ್ದು ಮಾಡು, ಅದು ವೆಂಡರ್ ನ್ಯೂಟ್ರಲ್, ಯಾವ ಒಂದು ಕಂಪನಿಗೂ ಕಟ್ಟಿದ್ದಲ್ಲ ಅಂತಾರ. ವೆಂಡರ್ ನ್ಯೂಟ್ರಲ್ ಅಂದ್ರ ಖರೇನ ಏನರ ಫರಕ್ ಬೀಳತೈತೇನ್ರಿ? ಅಪ್ಪನ ಕಡೆ ಒಮ್ಮೆ ರೊಕ್ಕ ಕೇಳಬಹುದು, ಎರಡನೇ ಸರ್ತಿ ಕೇಳಾಕ ಆಗಂಗಿಲ್ಲ.

ಉತ್ತರ (ಸಿಸ್ ಅಡ್ಮಿನ್, 14 ವರ್ಷದಿಂದ ಇದೇ ಕೆಲ್ಸ):
ಫರಕ್ ಬೀಳುತ್ತೆ, ಆದ್ರೆ ಕ್ಲಾಸಿನವ್ರು ಹೇಳೋ ಜಾಗದಲ್ಲಲ್ಲ. ಒಂದು ರಾತ್ರಿ ಕಥೆ ಹೇಳ್ತೀನಿ ಕೇಳಿ. ನಾನು ಮೊದ್ಲು ಇದ್ದ ಒಂದು ಕಂಪನೀಲಿ ವೆಬ್ ಸರ್ವರ್ ಇದ್ದಕ್ಕಿದ್ದಂಗೆ ನಿಂತೋಯ್ತು, ಲಾಗ್ ನೋಡಿದ್ರೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಶಿಫ್ಟಲ್ಲಿದ್ದ ಹುಡುಗ ಡಿಸ್ಕಲ್ಲಿ ಎಷ್ಟು ಜಾಗ ಇದೆ ಅಂತ ತೋರಿಸೋ ಡಿಎಫ್ ಮೈನಸ್ ಎಚ್ ಕಮ್ಯಾಂಡ್ ಹೊಡೆದ, ಅರ್ಧಕ್ಕರ್ಧ ಡಿಸ್ಕ್ ಖಾಲಿ ಇದೆ ಅಂತಿದೆ. ರೀಬೂಟ್ ಮಾಡ್ದ, ಅದೇ ಎರರ್. ಹೊಸ ಡಿಸ್ಕ್ ಕೇಳೋಣ ಅಂತ ಟಿಕೆಟ್ ಬರೀತಾ ಕೂತಿದ್ದ, ಅಷ್ಟರಲ್ಲಿ ನಂಗೆ ಫೋನ್ ಬಂತು. ಮೈನಸ್ ಎಚ್ ಬಿಟ್ಟು ಮೈನಸ್ ಐ ಹೊಡಿ ಅಂದೆ, ಐನೋಡ್ (ಒಂದೊಂದು ಫೈಲಿಗೂ ಬೇಕಾದ ದಾಖಲೆ ಸಾಲು) 100 ಪರ್ಸೆಂಟ್ ತುಂಬಿತ್ತು. ಪಿಎಚ್‌ಪಿ ಸೆಷನ್ ಫೈಲ್‌ಗಳು, ಒಂದೊಂದೂ ಸಾಸಿವೆ ಕಾಳಿನಷ್ಟು, ಲಕ್ಷಗಟ್ಲೆ ಗುಡ್ಡೆ ಬಿದ್ದಿದ್ವು. ಗೋಡೌನ್ ಖಾಲಿ ಇದೆ, ಆದ್ರೆ ಬಂದ ಮೂಟೆ ಬರ್ಕೊಳ್ಳೋ ರಿಜಿಸ್ಟರಲ್ಲಿ ಹಾಳೆ ಮುಗಿದಿದೆ ಅಂದ್ಕೊಳ್ಳಿ, ಅಷ್ಟೇ ವಿಷ್ಯ.

ಹುಡುಗ ದಡ್ಡ ಅಲ್ಲ, ಅವನ ಹತ್ರ ರೆಡ್ ಹ್ಯಾಟ್ ಸರ್ಟಿಫಿಕೇಟೂ ಇತ್ತು. ಆದ್ರೆ ಅವನು ಕಲಿತಿದ್ದು ರೆಡ್ ಹ್ಯಾಟ್ 7 ಮೇಲೆ, 2014ರಲ್ಲಿ ಬಂದ ಆ ವರ್ಶನ್ನಿಂದ ಅದರ ಡೀಫಾಲ್ಟ್ ಫೈಲ್‌ಸಿಸ್ಟಮ್ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಪದ್ಧತಿ) ಎಕ್ಸ್‌ಎಫ್‌ಎಸ್, ಅದು ಬೇಕಾದಂಗೆ ಐನೋಡ್ ಹುಟ್ಟಿಸ್ಕೊಳ್ಳುತ್ತೆ, ಈ ಕಾಯಿಲೆ ಅಲ್ಲಿ ಅಪರೂಪ. ಬಿದ್ದಿದ್ದ ಸರ್ವರ್ ಉಬುಂಟು, ಅದರ ಫೈಲ್‌ಸಿಸ್ಟಮ್ ಇಎಕ್ಸ್‌ಟಿ4, ಅದು ಫಾರ್ಮ್ಯಾಟ್ ಮಾಡುವಾಗ್ಲೇ ಐನೋಡ್ ಎಷ್ಟು ಅಂತ ಲೆಕ್ಕ ಕಟ್ಟಿಬಿಡುತ್ತೆ. ಈಗ ಎಲ್‌ಪಿಐನವ್ರ ಮೊದಲ ಹಂತದ ಸರ್ಟಿಫಿಕೇಟ್ ಎಲ್‌ಪಿಐಸಿ-1ರ ಸಿಲಬಸ್ ತೆಗೆದು 104.2ನೇ ವಿಷಯ ನೋಡಿ, ಖಾಲಿ ಜಾಗ ಮತ್ತೆ ಐನೋಡ್ ಎರಡರ ಮೇಲೂ ಕಣ್ಣಿಡಬೇಕು ಅಂತ ಒಂದೇ ಸಾಲು ಇದೆ. ಅದರ ಪಕ್ಕದ ಟಾಪಿಕ್‌ಗಳಲ್ಲಿ ಡೆಬಿಯನ್, ಉಬುಂಟು ಕಡೆಯ ಪ್ಯಾಕೇಜಿಗೆ ವೇಟ್ (ಎಷ್ಟು ಮುಖ್ಯ ಅನ್ನೋ ತೂಕ) 3, ರೆಡ್ ಹ್ಯಾಟ್ ಕಡೆಯ ಆರ್‌ಪಿಎಮ್ ಪ್ಯಾಕೇಜಿಗೂ 3, ಒಂದು ಕಲಿತು ಇನ್ನೊಂದು ಬಿಡೋಕಾಗಲ್ಲ. ನಂಗೆ ವೆಂಡರ್ ನ್ಯೂಟ್ರಲ್ ಅಂದ್ರೆ ಇದು, ಯಾವ ಕಂಪನಿ ಪೆಟ್ಟಿಗೆ ಅಂತ ಕೇಳದೆ ಕೆಲಸ ಏನು ಅಂತ ಕೇಳೋದು.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದಲ್ಲಿ ಯೂಸೆನಿಕ್ಸ್ ಅನ್ನೋ ಸಂಘದೊಳಗೆ ಸೇಜ್ ಅಂತ ಸಿಸ್ ಅಡ್ಮಿನ್‌ಗಳದೇ ಒಂದು ಗುಂಪಿತ್ತು, 90ರ ದಶಕದಲ್ಲೇ ಅವ್ರು ಈ ಕೆಲಸಕ್ಕೆ ಮೆಟ್ಟಿಲು ಕಟ್ಟಿದ್ರು, ನಾವಿಸ್, ಜೂನಿಯರ್, ಇಂಟರ್‌ಮೀಡಿಯೇಟ್, ಸೀನಿಯರ್ ಅಂತ. ಮಜಾ ಏನಂದ್ರೆ ತೀರಾ ಕೆಳಗಿನ ಮೆಟ್ಟಿಲಲ್ಲೇ, ಸಣ್ಣಪುಟ್ಟ ವಿಧಾನ ಬಾಯಲ್ಲೋ ಬರೆದೋ ವಿವರಿಸೋಕೆ ಬರ್ಬೇಕು, ಫೋನಲ್ಲಿ ಸರಿಯಾಗಿ ಮಾತಾಡೋಕೆ ಬರ್ಬೇಕು ಅಂತ ಹಾಕಿದ್ರು. ನಮ್ಮಲ್ಲಿ ಎಷ್ಟು ಜನ ಫೇಲ್ ಆಗ್ತಿದ್ವೋ 😀 ಆಮೇಲೆ 1999ರಲ್ಲಿ ಎಲ್‌ಪಿಐ ಶುರುವಾಯ್ತು, ಕೆಲಸ ಮಾಡೋ ಅಡ್ಮಿನ್‌ಗಳನ್ನೇ ಸರ್ವೆ ಮಾಡಿ ಯಾವುದು ಎಷ್ಟು ಮುಖ್ಯ ಅಂತ ಕೇಳಿ ವೇಟ್ ಹಾಕ್ತಾರೆ.

ಕಾಮೆಂಟ್ (ಮೈಸೂರು):
ಎಲ್ಲಾ ಸರಿ ಸಾರ್, ಆದ್ರೆ ಎಲ್‌ಪಿಐಸಿ ಬರೀ ಟಿಕ್ ಹಾಕೋ ಪರೀಕ್ಷೆ ಅಲ್ವಾ? ಡಂಪ್ (ಹೊರಗೆ ಬಂದ ಹಳೇ ಪ್ರಶ್ನೆಗಳ ಪಟ್ಟಿ) ಉರು ಹೊಡೆದು ಪಾಸಾದವ್ರನ್ನ ನಾನೇ ನೋಡಿದೀನಿ.

ಉತ್ತರ:
ನಿಜ, ಅದೇ ಅದರ ದೊಡ್ಡ ಮೈನಸ್ಸು, ಮುಚ್ಚಿಡಲ್ಲ. ಎಲ್‌ಪಿಐಸಿ-1ಕ್ಕೆ ಎರಡು ಪೇಪರ್, ಒಂದೊಂದ್ರಲ್ಲೂ 90 ನಿಮಿಷಕ್ಕೆ 60 ಪ್ರಶ್ನೆ, 200ರಿಂದ 800ರ ಸ್ಕೇಲಲ್ಲಿ 500 ಬಂದ್ರೆ ಪಾಸ್. ಮಧ್ಯೆ ಕಮ್ಯಾಂಡ್ ನೀವೇ ಟೈಪ್ ಮಾಡೋ ಬಿಟ್ಟ ಸ್ಥಳದ ಪ್ರಶ್ನೆ ಬರುತ್ತೆ, ಆದ್ರೂ ಅಡುಗೆ ಪುಸ್ತಕದಿಂದ ಪ್ರಶ್ನೆ ಕೇಳಿದಂಗೇ ಹೊರತು ಒಲೆ ಮುಂದೆ ನಿಲ್ಲಿಸಿದಂಗಲ್ಲ. ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ ಪರೀಕ್ಷೆ ಒಲೆ ಮುಂದೇನೇ ನಿಲ್ಲಿಸುತ್ತೆ, ಮಷಿನ್ ಕೊಟ್ಟು ಮಾಡು ಅಂತಾರೆ, ಆ ವಿಷ್ಯದಲ್ಲಿ ಅವ್ರಿಗೆ ನನ್ನ ನಮಸ್ಕಾರ. ಲಿನಕ್ಸ್ ಫೌಂಡೇಶನ್ನಿನ ಎಲ್‌ಎಫ್‌ಸಿಎಸ್, 2014ರಲ್ಲಿ ಬಂದಿದ್ದು, ಎರಡು ಗಂಟೆ ಟರ್ಮಿನಲ್ ಮುಂದೆ ಕೂರ್ಸ್ತಾರೆ, ಒಂದೇ ಕಂಪನಿಗೆ ಕಟ್ಟಿದ್ದೂ ಅಲ್ಲ. ಡಂಪ್ ವಿಷ್ಯಕ್ಕೆ ಬಂದ್ರೆ, ಮೈಕ್ರೋಸಾಫ್ಟಿನ ಎಂಸಿಎಸ್‌ಇ ಸರ್ಟಿಫಿಕೇಟ್ ಹುಚ್ಚು ಇದ್ದಾಗ್ಲೇ 'ಪೇಪರ್ ಎಂಸಿಎಸ್‌ಇ' ಅನ್ನೋ ಬೈಗುಳ ಹುಟ್ಟಿತ್ತು, ಇದು ಹಳೇ ರೋಗ.

ಕಾಮೆಂಟ್ (ಐಟಿಐ ಮೇಷ್ಟ್ರು, ತುಮಕೂರು ಕಡೆ):
ನಮ್ಮ ದೇಶದ್ದೇ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಇದೆಯಲ್ಲ, 2013ರ ಡಿಸೆಂಬರಲ್ಲಿ ಬಂತು, ಅದನ್ನ ಯಾರೂ ಹೇಳೋದೇ ಇಲ್ಲ.

ಉತ್ತರ:
ಮೇಷ್ಟ್ರೇ, ಬರವಣಿಗೇಲಿ ಅದು ಚೆನ್ನಾಗೇ ಇದೆ, ಒಂದೊಂದು ಹುದ್ದೆಗೂ ಏನು ಮಾಡೋಕೆ ಬರ್ಬೇಕು ಏನು ಗೊತ್ತಿರ್ಬೇಕು ಅಂತ ಬಿಡಿಸಿ ಬರೆದಿದಾರೆ, ಬ್ರ್ಯಾಂಡ್ ಗೊಡವೆ ಇಲ್ಲ. ಆದ್ರೆ ನಾನು ಕೂತ ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಎಚ್‌ಆರ್ ಬಾಯಲ್ಲಿ ಅದರ ಹೆಸರು ಒಂದು ಸಲನೂ ಕೇಳಿಲ್ಲ, ಬೇಜಾರಿನ ಮಾತೇ.

ಹಾವೇರಿ ತಮ್ಮಾ, ನಿಮ್ಮ ರೊಕ್ಕದ ವಿಷ್ಯಕ್ಕೆ ಬರ್ತೀನಿ. ಎಲ್‌ಪಿಐ ಸಿಲಬಸ್ ನೋಡೋಕೆ ಪುಕ್ಕಟೆ, ಅದನ್ನ ಡೌನ್‌ಲೋಡ್ ಮಾಡ್ಕೊಂಡು ಓದೋಕೆ ಅದನ್ನೇ ಇಟ್ಕೊಳ್ಳಿ. ಲ್ಯಾಪ್‌ಟಾಪಲ್ಲಿ ಎರಡು ವರ್ಚುವಲ್ ಮಷಿನ್, ಒಂದ್ರಲ್ಲಿ ಡೆಬಿಯನ್ ಇನ್ನೊಂದ್ರಲ್ಲಿ ಆಲ್ಮಾ (ರೆಡ್ ಹ್ಯಾಟ್ ತರದ್ದೇ ಪುಕ್ಕಟೆ ಲಿನಕ್ಸ್), ಒಂದೊಂದು ಸಾಲನ್ನೂ ಎರಡ್ರಲ್ಲೂ ಮಾಡಿ. ದುಡ್ಡು ಮಾತ್ರ ಪ್ರಾಕ್ಟಿಕಲ್ ಪರೀಕ್ಷೆಗೆ ಹಾಕಿ, ಬೆಂಗಳೂರಲ್ಲಿ ಕೆಲ್ಸ ಹುಡುಕ್ತೀರಂದ್ರೆ ಆರ್‌ಎಚ್‌ಸಿಎಸ್‌ಎ, ಜಾಹೀರಾತಲ್ಲಿ ಅದೇ ಹೆಸರು ಜಾಸ್ತಿ ಕಾಣ್ಸುತ್ತೆ ನಂಗೆ. ಎಲ್‌ಪಿಐಸಿಗೆ ಎರಡು ಪೇಪರ್ ಅಂದ್ರೆ ಎರಡು ಫೀ, ನಿಮ್ಮಪ್ಪನ್ನ ಎರಡು ಸಲ ಕೇಳ್ಬೇಕಾಗುತ್ತೆ. ಓದೋದು ನ್ಯೂಟ್ರಲ್, ಬಿಲ್ ಕಟ್ಟೋದು ವೆಂಡರ್‌ಗೆ, ಸ್ವಲ್ಪ ಕಳ್ಳ ಲೆಕ್ಕ ಅನ್ಸಬಹುದು, ಇರ್ಲಿ.

ಪ್ರಶ್ನೆ ಕೇಳಿದವರು:
ಸರ್ ಈಗ ಡಿಎಫ್ ಮೈನಸ್ ಐ ಹೊಡೆದೆ, 9 ಪರ್ಸೆಂಟ್ ತೋರ್ಸ್ತೈತಿ. ನನ್ನ ಲ್ಯಾಪ್‌ಟಾಪ್ ಬಚಾವ್ರಿ!

ಉತ್ತರ:
ಬಚಾವಾಗಿದ್ದು ಸಾಕು, ಈಗ ಬೇಕಂತ್ಲೇ ತುಂಬ್ಸಿ. ಲ್ಯಾಪ್‌ಟಾಪಲ್ಲಿ ಬೇಡ, ಡೆಬಿಯನ್ ಮಷಿನ್ನಲ್ಲಿ 100 ಎಂಬಿಯ ಸಣ್ಣ ಇಎಕ್ಸ್‌ಟಿ4 ಡಿಸ್ಕ್ ಮಾಡಿ, ಒಂದು ಲೂಪ್ ಬರೆದು ಟಚ್ ಕಮ್ಯಾಂಡಲ್ಲಿ ಲಕ್ಷ ಖಾಲಿ ಫೈಲ್ ಹುಟ್ಟಿಸಿ, ಎಲ್ಲಿ ನಿಲ್ಲುತ್ತೆ, ಏನ್ ಎರರ್ ಬರುತ್ತೆ ನೋಡಿ ಇಲ್ಲೇ ಸ್ಕ್ರೀನ್‌ಶಾಟ್ ಹಾಕಿ.