ಡ್ರೋನ್ ಪ್ರಶ್ನೋತ್ತರ: ರಿಪೇರಿಯವರನ್ನು ಕೇಳಿ

ಅಡ್ಮಿನ್: ಕುಮಟಾದ ನಮ್ಮ ಡ್ರೋನ್ ರಿಪೇರಿಯವರು ಇವತ್ತು ಸಂಜೆ ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಪೈಲಟ್ ಸರ್ಟಿಫಿಕೇಟ್ ಇರುವವರು. ಒಬ್ಬೊಬ್ಬರಾಗಿ ಕೇಳಿ.

ಅಂಕೋಲಾ ಮೇಷ್ಟ್ರು: ಮಗ ಥರ್ಮಾಕೋಲ್ ವಿಮಾನ ಮಾಡಿ ರಿಮೋಟಲ್ಲಿ ಹಾರಿಸುತ್ತಾನೆ. ಅಕ್ಕಪಕ್ಕದವರು ಅದನ್ನೂ ಡ್ರೋನ್ ಅನ್ನುತ್ತಾರೆ. ಹೌದಾ?

ರಿಪೇರಿಯವರು: ಹಾರುವಾಗ ರಿಮೋಟಿನಿಂದ ಕೈ ತೆಗೆದು ನೋಡಿ. ಮಗನ ವಿಮಾನ ಗಾಳಿ ಕರೆದಲ್ಲಿಗೆ ಹೋಗುತ್ತದೆ. ಕ್ಯಾಮೆರಾ ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ. ಅದರೊಳಗಿನ ಪುಟ್ಟ ಕಂಪ್ಯೂಟರ್ ವಾಲಿದ್ದನ್ನು ಹೇಳುವ ಜೈರೋ, ಎತ್ತರ ಹೇಳುವ ಬ್ಯಾರೋಮೀಟರ್, ಜಿಪಿಎಸ್, ದಿಕ್ಸೂಚಿ ಎಲ್ಲ ನೋಡಿಕೊಂಡು ನಾಲ್ಕೂ ಮೋಟಾರಿನ ವೇಗವನ್ನು ಸೆಕೆಂಡಿಗೆ ನೂರಾರು ಸಲ ತಿದ್ದುತ್ತಿರುತ್ತದೆ. ವಿಮಾನದ ಮೋಟಾರ್ ನಿಂತರೂ ರೆಕ್ಕೆ ಇದೆ, ತೇಲಿಕೊಂಡು ಇಳಿಸಬಹುದು. ನಾಲ್ಕು ಫ್ಯಾನಿನದ್ದು ಕಾಯಿ ಬಿದ್ದ ಹಾಗೆ ಬೀಳುತ್ತದೆ. ಆದ್ರೆ ಆಕಾರ ನೋಡಿ ತೀರ್ಮಾನ ಮಾಡಬೇಡಿ, ಸರ್ವೆಗೆ ರೆಕ್ಕೆಯ ಡ್ರೋನೂ ಉಂಟು. ಇನ್ನು ಕಾನೂನಿಗೆ ನಿಮ್ಮ ಪಕ್ಕದ ಮನೆಯವರೇ ಸರಿ. 2021ರ ಡ್ರೋನ್ ನಿಯಮದಲ್ಲಿ ಮಗನ ವಿಮಾನವೂ ಬರುತ್ತದೆ, 25 ಕಿಲೋ ಒಳಗಿನ, ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್ ಅಂತ.

ಹಳಿಯಾಳದವ: ಒಳ್ಳೆ ಡ್ರೋನಿಗೆ ಎಷ್ಟಾಗುತ್ತದೆ?

ಹೊನ್ನಾವರ ಸ್ಟುಡಿಯೋ: ಲೈಸೆನ್ಸ್ ಬೇಕಾ ಸರ್?

ರಿಪೇರಿಯವರು: 250 ಗ್ರಾಂ ಒಳಗಾದರೆ ಬೇಡ. 2 ಕಿಲೋ ಒಳಗೆ, ಬರೀ ಖುಷಿಗಾದರೂ ಬೇಡ. 250 ಗ್ರಾಂ ದಾಟಿದ್ದರಲ್ಲಿ ಮದುವೆ ತೆಗೆದು ದುಡ್ಡು ಮಾಡುತ್ತೀರಾದರೆ ಬೇಕು.

ತದಡಿ ತಾಂಡೇಲ: ನಿನ್ನೆ ಬೋಟಿನಿಂದ ತಮ್ಮನ ಡ್ರೋನ್ ಬಿಟ್ಟೆವು. ಬ್ಯಾಟರಿ ಕಡಿಮೆ ಆಯಿತು ಅಂತ ತಾನೇ ವಾಪಸ್ ತಿರುಗಿತು. ಅಷ್ಟರಲ್ಲಿ ಬೋಟ್ ಮುಂದೆ ಬಂದಿತ್ತು. ಅದು ನಮ್ಮ ಕಡೆ ನೋಡದೆ ಹಿಂದೆ ಹೋಗಿ, ಆರಾಮಾಗಿ ನೀರಿಗೆ ಇಳಿಯಿತು! ಬಲೆಯಲ್ಲಿ ಎತ್ತಿದೆವು. ಗುಂಪಿನಲ್ಲಿ ಬಂದ ಹಾಗೆ ಅಕ್ಕಿ ಚೀಲದಲ್ಲಿ ಇಟ್ಟಿದ್ದೇವೆ. ಸರಿ ಆಗುತ್ತದಾ?

ರಿಪೇರಿಯವರು: ಬ್ಯಾಟರಿ ಒಳಗೇ ಇದೆಯಾ? ಮೊದಲು ಎದ್ದು ಹೋಗಿ ನೋಡಿ, ಆಮೇಲೆ ಓದಿ. ಬಿಸಿಯಾಗಿದ್ದರೆ, ಉಬ್ಬಿದ್ದರೆ, ಸುಂಯ್ ಅನ್ನುತ್ತಿದ್ದರೆ ಮುಟ್ಟಬೇಡಿ, ಮನೆಯವರನ್ನು ಹೊರಗೆ ಕರೆದುಕೊಂಡು 112ಕ್ಕೆ ಫೋನ್ ಮಾಡಿ. ತಣ್ಣಗಿದ್ದರೆ ಬ್ಯಾಟರಿ ಬಿಚ್ಚಿ ಅಂಗಳದ ಆಚೆ, ಬಲೆ ಡೀಸೆಲ್ ಏನೂ ಇಲ್ಲದ ಕಡೆ ಮರಳಿನ ಮೇಲೆ ಇಡಿ. ಉಪ್ಪುನೀರು ಒಳಗೆ ಹೋದ ಲಿಥಿಯಂ ಬ್ಯಾಟರಿ ಮರುದಿನವೂ ಬೆಂಕಿ ಹಿಡಿಯಬಹುದು. ಚಾರ್ಜಿಗೆ ಹಾಕುವುದು ಬೇಡವೇ ಬೇಡ.

ಅಕ್ಕಿ ವಿಷಯ. ಅಕ್ಕಿ ನೀರು ಹೀರಿತು ಅಂತಲೇ ಇಟ್ಟುಕೊಳ್ಳಿ, ಉಪ್ಪು ಹೀರುತ್ತದಾ? ಅದು ಬೋರ್ಡಿನ ಮೇಲೇ ಕೂತು ತಾಮ್ರ ತಿನ್ನುತ್ತದೆ. ಬ್ಯಾಟರಿ ತೆಗೆದ ಮೇಲೆ ಡ್ರೋನನ್ನು ಸಿಹಿನೀರಲ್ಲಿ ತೊಳೆದು ತನ್ನಿ, ಉಳಿದದ್ದು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನಾನು ತೊಳೆಯುತ್ತೇನೆ. ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ.

ಈಗ ಅದು ಯಾಕೆ ಹಾಗೆ ಮಾಡಿತು ಅಂತ. ನನಗೆ ಮಜಾ ಅನಿಸಿದ್ದು ಇದೇ. ಹಾರುವ ಮೊದಲು ಅದು ತಾನು ನಿಂತ ಜಾಗವನ್ನು ಜಿಪಿಎಸ್‌ನಲ್ಲಿ ‘ಹೋಮ್’ ಅಂತ ಗುರುತು ಮಾಡಿಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಮನೆ ಅಂದ್ರೆ ಬೋಟಲ್ಲ, ನೀರಿನ ಮೇಲಿನ ಒಂದು ಚುಕ್ಕಿ. ನಿಮ್ಮ ಡ್ರೋನ್ ತಪ್ಪು ಮಾಡಿಲ್ಲ, ಹೇಳಿದ್ದನ್ನೇ ಮಾಡಿದೆ. ಮೇಷ್ಟ್ರ ಮಗನ ವಿಮಾನವಾಗಿದ್ದರೆ ತಾನಾಗಿ ತಿರುಗುತ್ತಲೇ ಇರಲಿಲ್ಲ, ಮುಳುಗಿಸಿದರೂ ನೀವೇ ಮುಳುಗಿಸಬೇಕಿತ್ತು. ಎಷ್ಟೋ ಆ್ಯಪ್‌ಗಳಲ್ಲಿ ರಿಮೋಟ್ ಇರುವ ಜಾಗವನ್ನೇ ಹೋಮ್ ಮಾಡುವ ಸೆಟ್ಟಿಂಗ್ ಇದೆ. ಬೋಟ್ ಚಲಿಸುತ್ತಿದ್ದರೆ ಅದನ್ನು ಮತ್ತೆ ಮತ್ತೆ ಒತ್ತಬೇಕು. ಎಂಜಿನ್ ಕಬ್ಬಿಣದ ಹತ್ತಿರ ದಿಕ್ಸೂಚಿ ಕೆಡುತ್ತದೆ, ಅಲೆ ಅಲ್ಲಾಡುವುದರಿಂದ ಕೆಳಗಿನ ಕ್ಯಾಮೆರಾಕ್ಕೂ ನೆಲ ಸಿಗುವುದಿಲ್ಲ. ಬ್ಯಾಟರಿ ಅರ್ಧ ಇರುವಾಗಲೇ ಕರೆಸಿಕೊಳ್ಳಿ.

ಭಟ್ಕಳ: ಕೆಟ್ಟ ಬ್ಯಾಟರಿಯನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಜೀವ ಬರುತ್ತದಂತೆ. ಫಾರ್ವರ್ಡ್ ಬಂದಿದೆ.

ರಿಪೇರಿಯವರು: ಮೀನು ಇಡಿ ಅದರಲ್ಲಿ.

ಕಾರವಾರ ಬೀಚ್: ಜಿಪಿಎಸ್ ಮೇಲೆ ಫಾಯಿಲ್ ಸುತ್ತಿದರೆ ಎಲ್ಲಿ ಬೇಕಾದರೂ ಹಾರುತ್ತದೆ ಅಂತ ವಿಡಿಯೋ ನೋಡಿದೆ. ಅರ್ಗಾ ಕಡೆ ವ್ಯೂ ಚೆನ್ನಾಗಿದೆ.

ರಿಪೇರಿಯವರು: ಅರ್ಗಾದಲ್ಲಿ ಇರುವುದು ನೌಕಾನೆಲೆ! ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಫಾಯಿಲ್ ಸುತ್ತಿದರೆ ಅದಕ್ಕೆ ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ, ವಾಪಸೂ ಬರುವುದಿಲ್ಲ. ಇಂಥ ವಿಡಿಯೋ ನನಗೆ ಕಳಿಸಬೇಡಿ.

ಶಿರಸಿ ತೋಟ: ಅಡಿಕೆ ಮರ ಹತ್ತುವ ಕೊನೆಗೌಡ ಸಿಗುತ್ತಿಲ್ಲ. ಕೊಳೆರೋಗಕ್ಕೆ ಡ್ರೋನಲ್ಲಿ ಮದ್ದು ಹೊಡೆಸಬಹುದಾ?

ಸಿದ್ದಾಪುರ: ಸುಮ್ನೆ ದುಡ್ಡು ದಂಡ. ಮೇಲಿಂದ ಹೊಡೆದದ್ದು ಸೋಗೆಗೆ ತಾಗುತ್ತದೆ, ಅಡಿಕೆ ಗೊನೆ ಅದರ ಅಡಿಯಲ್ಲಿರುತ್ತದೆ. ನೆಲದಲ್ಲೇ ನಿಂತು ಹೊಡೆಯುವ ಉದ್ದ ಕೋಲು, ಫೈಬರ್ ದೋಟಿ ತಗೊಳ್ಳಿ.

ಯಲ್ಲಾಪುರ: ನೀವು ಹೊಡೆಸಿ ನೋಡಿದ್ದೀರಾ? ಫ್ಯಾನಿನ ಗಾಳಿಗೆ ಸೋಗೆ ಬಿಡಿಸಿಕೊಂಡು ಒಳಗೂ ಹೋಗುತ್ತದೆ.

ಸಿದ್ದಾಪುರ: ಗಾಳಿ ಹೋಗುತ್ತದೆ, ಬೋರ್ಡೋ ಮದ್ದು ಹೋಗಬೇಕಲ್ಲ? 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 10 ಲೀಟರ್ ಟ್ಯಾಂಕಿಗೆ ಎಷ್ಟು ಮರ ಲೆಕ್ಕ ಹಾಕಿ. ಸುಣ್ಣ ಸರಿಯಾಗಿ ಸೋಸದಿದ್ದರೆ ನಾಜಲ್ ಕಟ್ಟುತ್ತದೆ ಬೇರೆ.

ಯಲ್ಲಾಪುರ: ಮರದಿಂದ ಬಿದ್ದವರ ಲೆಕ್ಕ ಯಾರು ಹಾಕುತ್ತಾರೆ?

ಸಿದ್ದಾಪುರ: ದೋಟಿಗೆ ಮರ ಹತ್ತಬೇಕಾ? ಓದಿ ಬರೆಯಿರಿ.

ಅಡ್ಮಿನ್: ತೋಟದ ಜಗಳ ತೋಟದ ಗುಂಪಿನಲ್ಲಿ.

ದಾಂಡೇಲಿ: ಡ್ರೋನ್ ಅಂದ್ರೆ ರಿಮೋಟ್ ವಿಮಾನವೇ ಅಲ್ವಾ ಸರ್?

ರಿಪೇರಿಯವರು: ಮೇಲೆ ಓದಿ.

ಜೋಯಿಡಾ: ರಿಮೋಟ್ ಹೆಲಿಕಾಪ್ಟರ್ ಡ್ರೋನಾ?

ರಿಪೇರಿಯವರು: ಮೇಲೆ. ತಾಂಡೇಲರೇ, ಬ್ಯಾಟರಿ ಏನಾಯಿತು?

ತದಡಿ ತಾಂಡೇಲ: ತೆಗೆದೆವು, ಒಂದು ಬದಿ ಸ್ವಲ್ಪ ಉಬ್ಬಿದ ಹಾಗಿದೆ.

ರಿಪೇರಿಯವರು: ಉಬ್ಬಿದ್ದರೆ ಮುಟ್ಟಬೇಡಿ ಅಂತ ಬರೆದಿದ್ದೆನಲ್ಲ ಮಾರಾಯ್ರೇ! ಈಗ ಎಲ್ಲಿದೆ?

ತದಡಿ ತಾಂಡೇಲ: ಮರಳ ಮೇಲೆ, ಮನೆಯಿಂದ ದೂರ. ಆ ಅಕ್ಕಿ ಅಡುಗೆಗೆ ಆಗುತ್ತದಾ?

ರಿಪೇರಿಯವರು: ಬೇಡ, ಎಸೆಯಿರಿ. ಬ್ಯಾಟರಿ ಹತ್ತಿರ ಮಕ್ಕಳನ್ನು ಬಿಡಬೇಡಿ. ಫೋನ್ ಮಾಡುತ್ತೇನೆ.

ಹಳಿಯಾಳದವ: ರೇಟ್ ಕೇಳಿದ್ದೆ.