‘ಪತ್ತೆಯಾಗದ’ ಎಂಬ ಪದದ ಬಗ್ಗೆ ಮತ್ತೊಮ್ಮೆ

ಬಳಗದವರಿಗೆ ನಮಸ್ಕಾರ.

ನಾನು ಕೇಳಿದ್ದು ಒಂದು ಫಲಕಕ್ಕೆ ಬೇಕಾದ ಪದವನ್ನು. ಎಚ್‌ಐವಿಯೊಂದಿಗೆ ಬದುಕುತ್ತಿರುವವರಿಗೆ ಆಪ್ತಸಮಾಲೋಚನೆ ನಡೆಸುವ ನನ್ನ ಕೊಠಡಿಯ ಗೋಡೆಗೆ ಹಾಕುವ ಫಲಕವದು. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಕೊಡಬೇಕು. ಚಿಕಿತ್ಸೆಯಿಂದಾಗಿ ರಕ್ತದಲ್ಲಿನ ವೈರಸ್ ಪ್ರಮಾಣವು ಪರೀಕ್ಷೆಯ ಮಿತಿಗಿಂತ ಕೆಳಗಿಳಿದಾಗ ‘ಅನ್‌ಡಿಟೆಕ್ಟಬಲ್’ ಎನ್ನುತ್ತೇವಲ್ಲ, ಅದಕ್ಕೆ ‘ಪತ್ತೆಯಾಗದ’ ಸರಿಹೊಂದುವುದೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

‘ಪತ್ತೆ’ ಕನ್ನಡದ್ದಲ್ಲ, ಬಿಟ್ಟುಬಿಡಿ ಎಂದು ಸದಸ್ಯರೊಬ್ಬರು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದಾರೆ. ‘ರಕ್ತ’ವೂ ‘ಔಷಧಿ’ಯೂ ಕನ್ನಡದವಲ್ಲ, ಪದ ಯಾವ ನುಡಿಯಿಂದ ಬಂತೆಂಬುದು ನನ್ನೆದುರು ಕುಳಿತವರನ್ನು ಎಂದೂ ಕಾಡಿಲ್ಲ. ತೊಡಕಿರುವುದು ‘ಆಗದ’ ಎಂಬ ನಿಷೇಧ ಕೃದಂತದಲ್ಲಿ, ಅಂದರೆ ಇಲ್ಲವೆನ್ನುವ ಕ್ರಿಯಾರೂಪದಲ್ಲಿ. ಅದಕ್ಕೆ ಕಾಲವಿಲ್ಲ, ‘ಬಾರದ’ ಎಂದರೆ ಹಿಂದೆ ಬಂದಿಲ್ಲದ, ಈಗ ಬರುತ್ತಿಲ್ಲದ, ಮುಂದೆಯೂ ಬರಲಾರದ ಎಂದೆಲ್ಲ ಆಗುತ್ತದೆ. ಮೊನ್ನೆ ಒಬ್ಬರು ವರದಿಯ ಮೇಲೆ ಬೆರಳಿಟ್ಟು ಓದಿ, “ಪತ್ತೆಯಾಗದು ಅಂದರೆ ಹೋಯಿತು ಅಂತಲ್ಲವೇ ಮೇಡಂ, ಇನ್ನು ಮಾತ್ರೆ ಯಾಕೆ?” ಎಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟುಬಿಟ್ಟರು. ಅದರಲ್ಲಿ ಇನ್ನೂ ಅರ್ಧದಷ್ಟು ಮಾತ್ರೆಗಳಿದ್ದವು. ವೈರಸ್ ಹೋಗಿರುವುದಿಲ್ಲ, ರೋಗನಿರೋಧಕ ಶಕ್ತಿಗೆ ಸೇರಿದ ಸಿಡಿ4 ಜೀವಕೋಶಗಳೊಳಗೆ ಅಡಗಿರುತ್ತದೆ, ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ.

‘ಅಗೋಚರ’ವನ್ನು ಸೂಚಿಸಿದವರಿಗೆ ಕೃತಜ್ಞತೆಗಳು. ಆದರೆ ಬರಿಗಣ್ಣಿಗೆ ಎಲ್ಲ ವೈರಸ್ಸುಗಳೂ ಅಗೋಚರವೇ. ಇಲ್ಲಿನ ಮಾತು ಅಳತೆಯದು. ಆದ್ದರಿಂದ ‘ಅಳತೆಗೆ ಸಿಗದಷ್ಟು ಕಡಿಮೆ’ ಎಂಬುದರತ್ತ ನನ್ನ ಮನಸ್ಸು ವಾಲಿದೆ. ‘ಕಡಿಮೆ’ ಎಂದಾಗ, ಇದೆ ಎಂಬ ಅರ್ಥವೂ ಉಳಿದುಕೊಳ್ಳುತ್ತದೆ.

ವೈರಸ್ ಅಷ್ಟು ಕಡಿಮೆಯಾದವರಿಂದ ಅದು ಸಂಗಾತಿಗೆ ಹರಡುವುದಿಲ್ಲ ಎಂಬ ಭರವಸೆಯನ್ನು ಫಲಕದ ಎರಡನೆಯ ಸಾಲು ಹೇಳಬೇಕು. ಅದಕ್ಕೆ ‘ಹರಡದು’ ಎಂದಷ್ಟೇ ಬರೆದರೆ ಸಾಕೆಂಬ ಸಲಹೆಯನ್ನು ಒಪ್ಪಲಾರೆ. ಆ ಭರವಸೆ ಲೈಂಗಿಕ ಸಂಪರ್ಕಕ್ಕೆ ಸಂಬಂಧಿಸಿದ್ದು. ಸೂಜಿ ಹಂಚಿಕೊಳ್ಳುವುದಕ್ಕಾಗಲಿ ಎದೆಹಾಲಿಗಾಗಲಿ ಅದನ್ನು ಹಾಗೆಯೇ ಅನ್ವಯಿಸಲಾಗದು. ಹಾಗೆಂದು ‘ಹರಡುವ ಸಾಧ್ಯತೆ ಕಡಿಮೆ’ ಎಂದು ಹಿಂಜರಿಯುವುದೂ ತಪ್ಪು. ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಜೋಡಿಗಳನ್ನು ಕುರಿತು 2016 ಮತ್ತು 2019ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಎಂಬ ಹೆಸರಿನ ಅಧ್ಯಯನಗಳಲ್ಲಿ, ಚಿಕಿತ್ಸೆಯಿಂದ ವೈರಸ್ ಹತೋಟಿಗೆ ಬಂದಿದ್ದವರಿಂದ ಸಂಗಾತಿಗೆ ಹರಡಿದ ಒಂದು ಪ್ರಕರಣವೂ ಕಂಡುಬರಲಿಲ್ಲ. ವರ್ಷಗಟ್ಟಲೆ ಸಂಗಾತಿಯನ್ನು ಮುಟ್ಟಲು ಅಂಜಿದವರು ಓದುವ ಗೋಡೆಯದು. ‘ಲೈಂಗಿಕ ಸಂಪರ್ಕದಿಂದ ಹರಡದು’ ಎಂದೇ ಇರಬೇಕು. ಕಾಲವಿಲ್ಲದ ನಿಷೇಧ ಅಲ್ಲಿಗೆ ತಕ್ಕುದಾಗಿದೆ.

ಉಳಿದಿರುವುದು ಒಂದೇ ಸಂದೇಹ. ಪರೀಕ್ಷೆಯು ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂದು ತಿಳಿಸುವುದರಿಂದ ‘ಅಳತೆಗೆ’ ಎನ್ನುವುದಕ್ಕಿಂತ ‘ಎಣಿಕೆಗೆ ಸಿಗದಷ್ಟು’ ಎನ್ನುವುದು ಮೇಲೇ? ಎರವಲು ಪದಗಳ ಚರ್ಚೆಯನ್ನು ಬೇರೆ ಓಲೆಯಲ್ಲಿ ಮುಂದುವರಿಸಿ, ಇಷ್ಟನ್ನು ಮಾತ್ರ ಇಂದು ರಾತ್ರಿಯೊಳಗೆ ತಿಳಿಸಬೇಕೆಂದು ಕೋರುತ್ತೇನೆ.